ಅಜ್ಜನ ಸರದಿ

ತೊಯ್ದ ಉಣ್ಣೆ, ತುಳಿದ ಪುದೀನ, ಅವೆರಡರ ಅಡಿಯಲ್ಲಿ ಎಲ್ಲೋ ಹಳೆಯ ಕಬ್ಬಿಣ. ಅಜ್ಜನ ವಾಸನೆ ಎಂದರೆ ಎಪಿಫಾನಿಯಾ ಲುಸೆರೊಗೆ ಇದು. ಐದು ವರ್ಷದವಳಿದ್ದಾಗ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರಿನ ಮೇಲಿನ ಜೌಗಿನ ಅಂಚಿಗೆ ಹೋಗಿ, ಆಪು ಹುಲ್ಲಿನ ನಡುವೆ ಬಿದ್ದಿದ್ದ ಒಂದು ಕಂದು ಗುಡ್ಡವನ್ನು ತೋರಿಸಿದ್ದ. ಗುಡ್ಡ ಉಸಿರಾಡುತ್ತಿತ್ತು.

"ಕಣ್ಣಿಂದಲ್ಲ ಮಗಾ, ಮೂಗಿಂದ ನೋಡು," ಎಂದಿದ್ದ ಅಪ್ಪ. "ಹಿಂಗೆ ಒದ್ದೆ ವಾಸ್ನೆ ಬರ್ತಿದ್ರೆ ಅಜ್ಜ ಸುಖವಾಗಿದಾನೆ ಅಂತ. ಕೂದ್ಲು ಸುಟ್ಟಂಗೆ ಒಣ ವಾಸ್ನೆ ಬಂತೋ, ಕೈಲಿದ್ದಿದ್ದು ಅಲ್ಲೇ ಬಿಟ್ಟು ಓಡು."

ಆ ಮಾತಿಗೆ ಐವತ್ತಾರು ವರ್ಷವಾಯಿತು. ಈಗ ಎಪಿಫಾನಿಯಾ ಎಲ್ ಸೌಸಾಲ್ ಊರಿನ ನೀರುಗಂಟಿ. ಗಂಡ ತೀರಿಕೊಂಡ ವರ್ಷ, ಅವನ ಅಳತೆಕೋಲನ್ನು ಇನ್ನು ಯಾರಿಗೆ ಕೊಡುವುದೆಂದು ಊರವರು ಯೋಚಿಸುತ್ತಿರುವಾಗಲೇ ಅವಳು ಅದನ್ನು ಹಿಡಿದು ಕಾಲುವೆ ಏರಿಯ ಮೇಲೆ ಹೊರಟುಬಿಟ್ಟಿದ್ದಳು. ಯಾರೂ ವಾಪಸು ಕೇಳಲಿಲ್ಲ. ಕಾಲುವೆಯ ನೀರು ಎಂಟು ದಿನ ಊರಿನ ಹೊಲಗಳಿಗೆ, ಒಂಬತ್ತನೆಯ ದಿನ ಜೌಗಿಗೆ. ಆ ಒಂಬತ್ತನೆಯ ದಿನಕ್ಕೆ ಅಜ್ಜನ ಸರದಿ ಎಂದೇ ಹೆಸರು. ಮಳೆ ಕೈಕೊಟ್ಟ ವರ್ಷದಲ್ಲೂ, ಹೊಲದಲ್ಲಿ ಜೋಳ ಬಾಡುತ್ತಿರುವಾಗಲೂ ಅದನ್ನು ಮುರಿದವರಿಲ್ಲ.

ನಾಲ್ಕು ಕಾಲ ಮೇಲೆ ನಿಂತರೆ ಅಜ್ಜನ ಭುಜ ಚರ್ಚಿನ ಸೂರಿಗೆ ಸಮ. ಉಗುರುಗಳು ನೇಗಿಲ ಗುಳದಂಥವು, ತೊಗಲಿಗೆ ಬಂದೂಕಿನ ಗುಂಡು ತೂರುವುದಿಲ್ಲ. ಇಷ್ಟೆಲ್ಲ ಇದ್ದೂ ಅವನು ತಿನ್ನುವುದು ಆಪು ಮತ್ತು ವಿಲೋ ಮರದ ಚಿಗುರು. ಹೊರಳಲು ಒದ್ದೆ ಕೆಸರಿದ್ದರೆ ಜೌಗು ಬಿಟ್ಟು ಕದಲುವುದಿಲ್ಲ. ಕೆಸರು ಒಣಗಿದರೆ ತೊಗಲು ಬಿರಿಯುತ್ತದೆ, ಬಿರುಕಿಗೆ ನೊಣ ಕೂರುತ್ತದೆ, ಆಮೇಲೆ ಎದುರಿಗೆ ಮನೆ ಬರಲಿ ಮನುಷ್ಯ ಬರಲಿ ಅವನಿಗೆ ಎಲ್ಲವೂ ನೊಣವೇ.

ಸಾಂತಾ ಫೆ ಗಣರಾಜ್ಯ ಅಂಗೈಯಗಲ ಇದ್ದರೂ ಉಳಿದುಕೊಂಡಿರುವುದು ತನ್ನ ಸೈನ್ಯದಿಂದಲ್ಲ, ಕಣಿವೆಗೊಬ್ಬನಂತೆ ಇರುವ ಈ ಅಜ್ಜಂದಿರಿಂದ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಸಾವಿರದ ಎಂಟುನೂರ ನಲವತ್ತೊಂದರಲ್ಲಿ ಪೂರ್ವದ ಬ್ರಾಸೋಸ್ ಗಣರಾಜ್ಯ ಮುನ್ನೂರು ಜನರ ದಂಡು ಕಳಿಸಿತ್ತು. ಅವರು ಹಸಿರು ಕಂಡದ್ದೇ ಜೌಗಿನಲ್ಲಿ ಡೇರೆ ಹೊಡೆದರು. ಹಿಂದಿರುಗಿದ್ದು ಹನ್ನೊಂದು ಜನ, ಒಂದು ನಗಾರಿ. ಮೂವತ್ತು ವರ್ಷ ಆ ದಿಕ್ಕಿನಿಂದ ಯಾರೂ ತಲೆಹಾಕಲಿಲ್ಲ. ಈ ಸಲ ಬಂದವರು ಕಾಗದ ಹಿಡಿದುಕೊಂಡು ಬಂದರು.

ಅದಕ್ಕೆ ನಾಲ್ಕು ದಿನ ಮೊದಲು, ಮೇ ತಿಂಗಳ ಒಂದು ಮಧ್ಯಾಹ್ನ, ಅಜ್ಜ ಊರಿಗೆ ಇಳಿದು ಬಂದಿದ್ದ. ಯಾರ ನೆನಪಿನಲ್ಲೂ ಹಾಗೆ ಆದದ್ದಿಲ್ಲ. ಕಾಲುವೆ ಪಕ್ಕದ ಹಿಟ್ಟಿನ ಗಿರಣಿಗೆ ಮೈ ತಿಕ್ಕಿದ, ಗಿರಣಿ ಕುಸಿಯಿತು, ಅದಕ್ಕೆ ಅಂಟಿಕೊಂಡಿದ್ದ ಮನೆಯ ಗೋಡೆಯೂ ಬಿತ್ತು. ಒಳಗಿದ್ದ ಗಿರಣಿಯವನು ಕಸಿಮೀರೊ ಕಲ್ಲುಗಳಡಿ ಸತ್ತ. ನಲವತ್ತು ದಾಟದ ಮನುಷ್ಯ. ಬೀಸಲು ಜೋಳ ತಂದ ಮುದುಕಿಯರ ಚೀಲವನ್ನು ತಾನೇ ಮನೆತನಕ ಹೊತ್ತು ಕೊಟ್ಟು ಬರುತ್ತಿದ್ದವನು.

ಕರ್ನಲ್ ಪ್ರೂಯಿಟ್ ಹನ್ನೆರಡು ಕುದುರೆ ಸವಾರರನ್ನೂ ಎರಡು ಸಣ್ಣ ಫಿರಂಗಿಗಳನ್ನೂ ತಂದಿದ್ದ. ಊರವರ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ. ಬುಧವಾರ ಚರ್ಚಿನ ಅಂಗಳದಲ್ಲಿ ಟೋಪಿ ತೆಗೆದು ನಿಂತು ಮಾತಾಡಿದ.

"ಮಾನ್ಯರೇ, ತಮ್ಮ ಸಂಕಟವನ್ನು ಕಂಡು ನಮ್ಮ ಸರ್ಕಾರವು ಅತೀವ ದುಃಖವನ್ನು ಹೊಂದಿದೆ."

"ಇಷ್ಟ್ ಬೇಗ ಹೊಂದ್ಬಿಡ್ತಾ?" ಎಂದ ಬೆಂಚಿನ ಮೇಲೆ ಕೂತಿದ್ದ ದೊನ್ ಪ್ರೊಕೋಪಿಯೊ. ಎಂಬತ್ತು ದಾಟಿದ ಅವನ ಬಾಯಿಗೆ ಊರಿನಲ್ಲಿ ಯಾರೂ ಬೀಗ ಹಾಕಿದ್ದಿಲ್ಲ. "ಗಡಿಯಿಂದ ಇಲ್ಲಿಗೆ ಹತ್ತು ದಿನದ ದಾರಿ. ಕಸಿಮೀರೊ ಹೋಗಿ ನಾಕು ದಿನ ಆಯ್ತು. ಅಂವ ಸಾಯೋಕೆ ಮುಂಚೇನೇ ಅಳ್ತಾ ಹೊರಟ್ರೇನೋ ಪಾಪ."

ಕೆಲವರು ನಕ್ಕರು. ಕಸಿಮೀರೊನ ಹೆಂಡತಿ ಬೆನಿಗ್ನಾ ಕರಿ ಶಾಲು ಹೊದ್ದು ಅಲ್ಲೇ ಗೋಡೆಗೊರಗಿ ನಿಂತಿರುವುದು ಕಂಡು ನಗೆ ತಾನಾಗಿ ನಿಂತಿತು. ಕರ್ನಲ್ ಅವಳಿಗೆ ತಲೆಬಾಗಿ, ಅವಳ ಮನೆಯ ಬಿದ್ದ ಗೋಡೆ ಕಟ್ಟಿಕೊಡಲು ಆಗಲೇ ಇಬ್ಬರನ್ನು ಕಳಿಸಿದ್ದಾಗಿ ಮೆಲ್ಲಗೆ ಹೇಳಿದ. ಅದು ನಾಟಕವಾಗಿರಲಿಲ್ಲ, ಎಪಿಫಾನಿಯಾ ಅದನ್ನೂ ಗಮನಿಸಿದಳು. ಜೊತೆಗೆ ಮುದುಕನ ಹತ್ತು ದಿನದ ಲೆಕ್ಕವೂ ಅವಳ ತಲೆಯಲ್ಲಿ ಉಳಿಯಿತು.

ಕಾಗದದಲ್ಲಿ ಇದ್ದದ್ದು ಇಷ್ಟು. ಬ್ರಾಸೋಸ್‌ನವರು ಊರಿನಲ್ಲಿ ಕೋಟೆ ಕಟ್ಟಿ, ಫಿರಂಗಿ ಇಟ್ಟು, ಅಜ್ಜನನ್ನು ಕೊಂದುಕೊಡುತ್ತಾರೆ. ಬದಲಿಗೆ ಚರ್ಚಿನ ಮೇಲೆ ಅವರ ಬಾವುಟ, ಅವರ ಕೈಯಲ್ಲಿ ಕಾಲುವೆಯ ಮೇಲ್ತೂಬಿನ ಕೀಲಿ. ಭಾನುವಾರ ಪೂಜೆ ಮುಗಿದ ಮೇಲೆ ಊರು ಒಪ್ಪಿದರೆ, ಊರಿನ ಪರವಾಗಿ ನ್ಯಾಯಾಧಿಕಾರಿ ಲಿಬ್ರಾದೊ ತಫೋಯಾ ಸಹಿ ಹಾಕುವುದು. ಲಿಬ್ರಾದೊ ಎದ್ದು, ನನಗೇನೋ ಇದು ಸರಿ ಅನ್ನಿಸುತ್ತೆ, ಎಂದ. ಹೆದರಿದ ಜನ ತಲೆಯಾಡಿಸಿದರು.

ಲಿಬ್ರಾದೊ ಎಪಿಫಾನಿಯಾಳಿಗೆ ಕೊಂಪಾದ್ರೆ. ಅವಳ ಮಗನ ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದ ಧರ್ಮತಂದೆ ಅವನು. ಆ ಮಗು ಆರನೆಯ ವರ್ಷಕ್ಕೆ ಸಿಡುಬಿನಲ್ಲಿ ಹೋದಾಗ, ರೋಗಕ್ಕೆ ಹೆದರಿ ಯಾರೂ ಹತ್ತಿರ ಬಾರದಿದ್ದಾಗ, ಸಣ್ಣ ಶವಪೆಟ್ಟಿಗೆಯನ್ನು ಒಬ್ಬನೇ ಎದೆಗವಚಿಕೊಂಡು ಸ್ಮಶಾನಕ್ಕೆ ನಡೆದವನೂ ಅವನೇ. ಕೊಂಪಾದ್ರೆ, ಕೊಮಾದ್ರೆ ಎಂದು ಕರೆದುಕೊಂಡವರು ಒಡಹುಟ್ಟಿದವರಿಗಿಂತ ಹೆಚ್ಚು. ಸಾಯುವತನಕ ಬಹುವಚನದಲ್ಲೇ ಮಾತು. ಒಬ್ಬರ ಮೇಲೊಬ್ಬರು ನಾಲ್ಕು ಜನರ ಮುಂದೆ ದೂರು ಹೇಳುವಂತಿಲ್ಲ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಇಲ್ಲವೆನ್ನುವಂತಿಲ್ಲ.

ಗುರುವಾರ ಬೆಳಿಗ್ಗೆ ಅವಳು ಹೇಸರಗತ್ತೆ ಏರಿ ಜೌಗಿಗೆ ಹೋದಳು. ಹೋಗಬೇಕಾದದ್ದು ತಿಂಗಳ ಹಿಂದೆ. ನೀರುಗಂಟಿಯಾದವಳು ನೀರಿನ ಜೊತೆ ಕೊನೆಯವರೆಗೂ ನಡೆಯಬೇಕೆಂದು ಅಪ್ಪ ಹೇಳುತ್ತಿದ್ದ. ಈ ಬೇಸಿಗೆ ಮೊಣಕಾಲು ನೋವೆಂದು ಅವಳು ಮೂರು ಸರದಿ ಬರೀ ತೂಬು ಎತ್ತಿ, ಜೌಗಿನ ಕವಲಿಗೆ ನೀರು ತಿರುಗಿದ್ದು ನೋಡಿ, ಮನೆಗೆ ಬಂದಿದ್ದಳು.

ಜೌಗಿನ ಕೆಸರು ಹೆಂಚಿನ ಹಾಗೆ ಬಿರಿದಿತ್ತು. ಆಪು ಬುಡದವರೆಗೂ ಹಳದಿ. ಅಜ್ಜ ಮಲಗುವ ಕಡೆ ಅಜ್ಜನಿರಲಿಲ್ಲ. ಗಾಳಿ ತಿರುಗಿದಾಗ ಆ ವಾಸನೆ ಬಂತು, ಕೂದಲು ಸುಟ್ಟಂಥದ್ದು. ಹೇಸರಗತ್ತೆ ಕಿವಿ ಹಿಂದಕ್ಕೆ ಮಡಚಿತು.

ಅವಳು ಕವಲಿನ ಗುಂಟ ಕೆಳಗೆ ಬಂದಳು. ಅರ್ಧ ದಾರಿಯಲ್ಲಿ ವಿಲೋ ಮರಗಳ ಮರೆಯಲ್ಲಿ ಯಾರೋ ಅಡ್ಡಕಟ್ಟೆ ಕಟ್ಟಿದ್ದರು. ಒಂದು ದಪ್ಪ ದಿಮ್ಮಿ, ಅದರ ಮೇಲೆ ಎದೆಯೆತ್ತರ ಹುಲ್ಲುಹೆಂಟೆ. ಇಲ್ಲಿಯವರೆಗೆ ಬಂದ ನೀರು ಪಕ್ಕದ ಕೊರಕಲಿಗೆ ಬಿದ್ದು ಹೊಳೆ ಸೇರಿಹೋಗುತ್ತಿತ್ತು. ಯಾರ ಹೊಲಕ್ಕೂ ಅಲ್ಲ. ನೀರು ಕದಿಯುವವರನ್ನು ಅವಳು ಕಂಡಿದ್ದಳು, ಬೈದಿದ್ದಳು, ಅವರ ಮನೆಯಲ್ಲೇ ಊಟ ಮಾಡಿ ರಾಜಿಯಾಗಿದ್ದಳು. ನೀರನ್ನು ಸುಮ್ಮನೆ ಚೆಲ್ಲುವವರನ್ನು ಕಂಡಿರಲಿಲ್ಲ.

ಹೆಂಟೆಗಳನ್ನು ಹುಲ್ಲು ಕೆಳಗಾಗಿ ಮಗುಚಿ ಕೂರಿಸಿದ್ದರು. ಸಲಿಕೆಯ ಕಚ್ಚು ಎಡದಿಂದ ಬಲಕ್ಕೆ ಓರೆಯಾಗಿತ್ತು. ವರ್ಷಾವಧಿ ಕಾಲುವೆ ಹೂಳೆತ್ತುವಾಗ ಮನೆಗೊಬ್ಬರಂತೆ ಸಲಿಕೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ನಲವತ್ತು ವರ್ಷ ಅದನ್ನು ನೋಡಿದವಳಿಗೆ ಒಬ್ಬೊಬ್ಬರ ಕೈಕೆಲಸವೂ ಒಬ್ಬೊಬ್ಬರ ಮುಖದಷ್ಟೇ ಗುರುತು. ಊರಿನಲ್ಲಿ ಎಡಗೈಯಲ್ಲಿ ಸಲಿಕೆ ಹಿಡಿದು, ಹೆಂಟೆಯನ್ನು ಮಗುಚಿ ಇಡುವವನು ಒಬ್ಬನೇ.

ಅವಳು ಏರಿಯ ಮೇಲೆ ಕೂತಳು. ಒಬ್ಬಳೇ ಬಿಚ್ಚುವ ಕಟ್ಟೆಯಲ್ಲ ಅದು. ಬಿಚ್ಚಿದರೂ ಭಾನುವಾರದವರೆಗೆ ಕವಲಿಗೆ ನೀರಿಲ್ಲ. ಇವತ್ತು ಬೆನಿಗ್ನಾಳ ಸರದಿ, ಆಮೇಲೆ ಇನ್ನಿಬ್ಬರದು, ಅಜ್ಜನದು ಭಾನುವಾರವೇ. ಲಿಬ್ರಾದೊನ ಹೆಸರು ಹೇಳಿದರೆ, ಕೊಂಪಾದ್ರೆಯ ಮೇಲೆ ದೂರು ಹೇಳಿದವಳ ಮಾತನ್ನು ಎಲ್ ಸೌಸಾಲ್‌ನಲ್ಲಿ ನಾಯಿಯೂ ನಂಬುವುದಿಲ್ಲ. ಹೇಳದಿದ್ದರೆ ಭಾನುವಾರ ಸಹಿ ಬೀಳುತ್ತದೆ, ಫಿರಂಗಿ ಗುಡುಗುತ್ತದೆ. ಅಜ್ಜನಿಲ್ಲದ ಕಣಿವೆಗೆ ಇವತ್ತು ಬ್ರಾಸೋಸ್‌ನವರು, ನಾಳೆ ಇನ್ಯಾರೋ. ಮೇಲ್ತೂಬಿನ ಕೀಲಿ ಹೋದ ಮೇಲೆ ಯಾವ ಸರದಿಯೂ ಇರುವುದಿಲ್ಲ.

ಶನಿವಾರ ಸಂಜೆಯಾಗುವ ಮೊದಲು ಅವಳು ಲಿಬ್ರಾದೊನ ಏಪ್ರಿಕಾಟ್ ತೋಟದ ಬೇಲಿಯ ಹತ್ತಿರ ಹೋದಳು. ಅವನು ಒಣಗಿದ ಕೊಂಬೆ ಸವರುತ್ತಿದ್ದ.

"ಬನ್ನಿ ಕೊಮಾದ್ರೆ. ಮೊಣಕಾಲು ಹೇಗಿದೆ?"

"ಅದು ನನ್ನ ಮಾತು ಕೇಳೋದು ಬಿಟ್ಟಿದೆ ಕೊಂಪಾದ್ರೆ. ಆದ್ರೂ ಜೌಗಿನ ತನಕ ಹೋಗಿದ್ದೆ."

ಕತ್ತರಿಸುವ ಸದ್ದು ನಿಂತಿತು.

"ಕವಲಿಗೆ ಯಾರೋ ಕಟ್ಟೆ ಹಾಕಿದಾರೆ," ಎಂದಳು.

"ಹೌದಾ."

"ಚೆನ್ನಾಗೇ ಹಾಕಿದಾರೆ. ಒಂದು ಹನಿ ಜಿನುಗಲ್ಲ."

ಲಿಬ್ರಾದೊ ಕೊಂಬೆಯನ್ನೇ ನೋಡುತ್ತಿದ್ದ. ಆಮೇಲೆ, ಬೇರೆ ಯಾವುದೋ ವಿಷಯವೆಂಬಂತೆ ಹೇಳಿದ: "ಸಣ್ಣವರು ಎಷ್ಟು ದಿನ ಅಂತ ಇಡಿಯಾಗಿ ಇರಕ್ಕಾಗತ್ತೆ ಕೊಮಾದ್ರೆ? ಒಂದಲ್ಲ ಒಂದಿನ ಯಾರಾದ್ರೂ ನುಂಗೇ ನುಂಗ್ತಾರೆ. ಇವರು ಕೇಳ್ಕೊಂಡು ಬಂದಿದಾರೆ. ಕೇಳಿದೋರಿಗೆ ಕೊಟ್ರೆ ಮರ್ಯಾದೆನಾದ್ರೂ ಉಳಿಯತ್ತೆ. ಮುಂದೆ ಬರೋರು ಕೇಳಲ್ಲ."

"ಕಸಿಮೀರೊನ ಯಾರು ಕೇಳಿದ್ರು?"

ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಅಜ್ಜ ಒಂದಿಷ್ಟು ಜೋಳ ತುಳ್ಕೊಂಡು ಹೋಗ್ತಾನೆ, ಜನ ಸ್ವಲ್ಪ ಹೆದರ್ತಾರೆ, ಅಷ್ಟೇ ಆಗೋದು ಅಂತ," ಎಂದು ತಡೆದ. "ಅಂತ ಅಂದ್ಕೊಂಡಿರಬೇಕು. ಯಾರೋ."

"ಇರಬೇಕು," ಎಂದಳು ಎಪಿಫಾನಿಯಾ.

ಅವಳು ಕುಂಟುತ್ತ ಹೊರಟಾಗ ಅವನು ತನ್ನ ಕುದುರೆ ತಂದು, ಅವಳನ್ನು ಹತ್ತಿಸಿ, ಲಗಾಮು ಹಿಡಿದು ಅವಳ ಮನೆ ಬಾಗಿಲವರೆಗೂ ನಡೆದ. ಬಾಗಿಲಲ್ಲಿ ಟೋಪಿ ಎತ್ತಿ ವಂದಿಸಿದ. ಅವನು ಕೆಟ್ಟವನಾಗಿದ್ದಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡಳು.

ಭಾನುವಾರ ಪೂಜೆ ಮುಗಿಯಿತು. ಅಂಗಳದಲ್ಲಿ ಮೇಜು ಹಾಕಿ, ಅದರ ಮೇಲೆ ಕಾಗದ, ಶಾಯಿಕುಡಿಕೆ, ಗಾಳಿಗೆ ಹಾರದ ಹಾಗೆ ಒಂದು ಕಲ್ಲು ಇಟ್ಟಿದ್ದರು. ಕರ್ನಲ್ ಮೊದಲ ಸಾಲು ಓದುವಷ್ಟರಲ್ಲಿ ಗಾಳಿಯ ಜೊತೆ ವಾಸನೆ ಬಂತು. ಓದು ನಿಂತಿತು. ಕಾಲುವೆ ದಾರಿಯ ತುದಿಯಲ್ಲಿ, ಎತ್ತರದ ಕಾಟನ್‌ವುಡ್ ಮರಗಳ ನಡುವೆ, ಅವುಗಳ ಅರ್ಧ ಎತ್ತರದ ಕಂದು ಬೆನ್ನೊಂದು ನಿಧಾನವಾಗಿ ಈ ಕಡೆಗೆ ಬರುತ್ತಿತ್ತು. ಅದರ ಸುತ್ತ ನೊಣದ ಮೋಡ.

ಸೈನಿಕರು ಫಿರಂಗಿಗಳನ್ನು ಆ ದಾರಿಗೆ ತಿರುಗಿಸಿದರು. ಅವರು ಮೊದಲೇ ತಯಾರಿದ್ದರು.

"ಸರ್ವರೂ ಹಿಂದಕ್ಕೆ ಸರಿಯತಕ್ಕದ್ದು," ಎಂದ ಕರ್ನಲ್.

ಎಪಿಫಾನಿಯಾ ಅಳತೆಕೋಲನ್ನು ನೆಲಕ್ಕೂರಿ ಎದ್ದಳು. "ಸ್ವಲ್ಪ ತಡೀರಿ. ಇವತ್ತು ಅಜ್ಜನ ಸರದಿ. ಸರದಿ ನೀರು ಬಿಡದೆ ಊರು ಬೇರೆ ಕೆಲಸಕ್ಕೆ ಕೂರೋ ಹಾಗಿಲ್ಲ. ನಾನು ನೀರು ಬಿಟ್ಟು ಬರ್ತೀನಿ, ಆಮೇಲೆ ಓದ್ಕೊಳ್ಳಿ."

"ಎಲ್ಲಿಗೆ ಬಿಡ್ತೀಯಮ್ಮಾ ನೀರು? ಸರದಿಯವನು ಇಲ್ಲಿಗೇ ಬರ್ತಿದಾನಲ್ಲ," ಎಂದ ಪ್ರೊಕೋಪಿಯೊ.

ಅವಳು ಮೇಜಿನ ಕಡೆ ತಿರುಗಿದಳು. "ಕೊಂಪಾದ್ರೆ ಲಿಬ್ರಾದೊ. ಕವಲಲ್ಲಿ ಒಂದು ಕಟ್ಟೆ ಬಿಚ್ಚಬೇಕು. ನನ್ನೊಬ್ಬಳ ಕೈಲಿ ಆಗಲ್ಲ. ಬರ್ತೀರಾ?"

ದೂರಲಿಲ್ಲ, ಬೆರಳು ತೋರಲಿಲ್ಲ, ಕೇಳಿಕೊಂಡಳು, ಅಷ್ಟೆ. ಇಡೀ ಊರು ನೋಡುತ್ತಿತ್ತು. ಲಿಬ್ರಾದೊ ಕೈಯಲ್ಲಿದ್ದ ಲೇಖನಿಯನ್ನು ಕೆಳಗಿಟ್ಟು, "ಬರ್ತೀನಿ ಕೊಮಾದ್ರೆ," ಎಂದು ಎದ್ದ.

ಸಹಿ ಹಾಕಬೇಕಾದವನೇ ಫಿರಂಗಿಯ ಎದುರಿನ ದಾರಿಗೆ ಇಳಿದಿದ್ದ. ಕರ್ನಲ್ ಅವಳನ್ನು ದಿಟ್ಟಿಸಿ ನೋಡಿ, ಬತ್ತಿ ಹಿಡಿದಿದ್ದ ಸೈನಿಕನಿಗೆ ಕೈ ಇಳಿಸುವಂತೆ ಸನ್ನೆ ಮಾಡಿದ.

ಇಬ್ಬರೂ ಸಲಿಕೆ ತೆಗೆದುಕೊಂಡು ಜೋಳದ ಹೊಲದ ಬದುವಿನ ಮೇಲಿಂದ ಹೇಸರಗತ್ತೆಗಳನ್ನೇರಿ ಓಡಿಸಿದರು. ಬಲಗಡೆ, ಕಲ್ಲೆಸೆತದ ದೂರದಲ್ಲಿ, ಅಜ್ಜ ನಿಂತು ಅವರನ್ನು ಮೂಸಿದ. ಬಿರಿದ ತೊಗಲಿನಿಂದ ರಕ್ತ ಒಸರಿ ಕಪ್ಪಾಗಿತ್ತು. ಎಪಿಫಾನಿಯಾಳಿಗೆ ಹೆದರಿಕೆಗಿಂತ ಮೊದಲು ನಾಚಿಕೆಯಾಯಿತು. ತನ್ನ ಮನೆಯ ದನವನ್ನು ನೀರಿಲ್ಲದೆ ಕಟ್ಟಿಹಾಕಿ ಮರೆತಂತೆ. ತೂಬು ಎತ್ತಿದಳು. ನೀರು ಕವಲಿಗೆ ನುಗ್ಗಿ ಅವರ ಜೊತೆಗೇ ಓಡಿತು, ಕಟ್ಟೆಯ ಹತ್ತಿರ ಬಂದು ಎಂದಿನಂತೆ ಕೊರಕಲಿಗೆ ತಿರುಗಿತು.

ಲಿಬ್ರಾದೊ ಕಾಲುವೆಗೆ ಇಳಿದು ಎಡಗೈ ಮುಂದೆ ಮಾಡಿ ಅಗೆಯತೊಡಗಿದ. ಅವಳು ಮೇಲಿನಿಂದ ಹೆಂಟೆ ಎಳೆದಳು. ಹಸಿಯಾಗಿದ್ದಾಗ ತುಳಿದು ಕೂರಿಸಿದ್ದು ಈಗ ಒಣಗಿ ಇಟ್ಟಿಗೆಯಾಗಿತ್ತು. ಹಿಂದೆ ಕೊಂಬೆಗಳು ಮುರಿದವು. ನೀರಿನ ಸದ್ದು ಕೇಳಿ ಅಜ್ಜ ತಿರುಗಿ ಬಂದಿದ್ದ.

"ಕೊಮಾದ್ರೆ, ನೀವು ಹೋಗಿ," ಎಂದ ಲಿಬ್ರಾದೊ ತಲೆ ಎತ್ತದೆ. "ಕಟ್ಟಿದ್ದು ನಾನು."

"ಗೊತ್ತು. ಅಗೀರಿ."

ಸುಟ್ಟ ವಾಸನೆ ಕಣ್ಣಿಗೆ ಇರಿಯಿತು. ಒಂದು ನೊಣ, ಹತ್ತು ನೊಣ, ಆಮೇಲೆ ಮುಖದ ತುಂಬ ನೊಣ. ಲಿಬ್ರಾದೊ ಅವಳ ತೋಳು ಹಿಡಿದು ಏರಿಯ ಬುಡಕ್ಕೆ ಎಳೆದುಕೊಂಡು, ಅವಳ ಮೇಲೆ ಮೈ ಮುಚ್ಚಿ ಮಲಗಿದ. ನೇಗಿಲ ಗುಳದಂಥ ಮೂರು ಉಗುರು ಅವರ ತಲೆಯ ಮೇಲಿಂದ ಹಾದು ಕಟ್ಟೆಗೆ ಬಿದ್ದವು. ಅಜ್ಜ ಒಂದೇ ಸಲ ಕೆರೆದ. ದಿಮ್ಮಿ ಕಡ್ಡಿಯಂತೆ ಎದ್ದು ಬಂತು; ಹೆಂಟೆ, ಕೆಸರು, ನೀರು ಎಲ್ಲ ಒಟ್ಟಿಗೆ ಹಾರಿ, ಹರಿದು ಜೌಗಿನ ಕಡೆ ಹೊರಟವು. ಅಜ್ಜನೂ ಅವುಗಳ ಹಿಂದೆ ಹೊರಟ. ಆ ದೊಡ್ಡ ಮೈ ಪೂರ್ತಿ ಹಾದುಹೋಗಲು ಒಂದು ಪ್ರಾರ್ಥನೆ ಹೇಳಿ ಮುಗಿಸುವಷ್ಟು ಹೊತ್ತು ಬೇಕಾಯಿತು. ಅವಳಿಗೆ ಯಾವ ಪ್ರಾರ್ಥನೆಯೂ ನೆನಪಾಗಲಿಲ್ಲ.

ಅಂಗಳಕ್ಕೆ ಹಿಂದಿರುಗಿದಾಗ ಇಬ್ಬರೂ ತಲೆಯಿಂದ ಕಾಲಿನವರೆಗೆ ಕೆಸರು. ಯಾರೋ ಒಬ್ಬಳು ಎಪಿಫಾನಿಯಾಳ ಮುಖಕ್ಕೆ ಒದ್ದೆ ಬಟ್ಟೆ ಕೊಟ್ಟಳು. ಲಿಬ್ರಾದೊ ಮೇಜಿನ ಕಡೆ ಹೋಗಲಿಲ್ಲ. ಬೆನಿಗ್ನಾಳ ಮುಂದೆ ನಿಂತು ಟೋಪಿ ತೆಗೆದ.

"ಬೆನಿಗ್ನಾ, ಮೂರು ಸರದಿ ಅಜ್ಜನಿಗೆ ನೀರು ಹೋಗಲಿಲ್ಲ. ಕವಲಿಗೆ ಕಟ್ಟೆ ಹಾಕಿದ್ದು ನಾನು. ಇವರು ಬರೋ ದಿನ ನಂಗೆ ಮೊದ್ಲೇ ಗೊತ್ತಿತ್ತು. ಕಸಿಮೀರೊ ಒಳಗಿರ್ತಾನೆ ಅಂತ ಗೊತ್ತಿರಲಿಲ್ಲ. ಅದು ಹೇಳಿದ್ರೆ ಏನೂ ಕಮ್ಮಿ ಆಗಲ್ಲ, ಆದ್ರೂ ಹೇಳ್ತಿದೀನಿ."

ಬೆನಿಗ್ನಾ ಅವನನ್ನು ನೋಡಿದಳು, ಶಾಲನ್ನು ಬಿಗಿಯಾಗಿ ಎಳೆದುಕೊಂಡಳು, ಮನೆಗೆ ಹೋದಳು. ಕರ್ನಲ್ ಕಾಗದದ ಮೇಲಿನ ಕಲ್ಲನ್ನು ತೆಗೆದು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನೊಳಗೆ ಇಟ್ಟ. ಸಹಿ ಕೇಳಲು ಇನ್ನು ಅವನಿಗೆ ಕಾರಣವೂ ಇರಲಿಲ್ಲ, ಕೊಡುವವನೂ ಇರಲಿಲ್ಲ.

"ಹೋಗ್ತಾ ಜೌಗಿನ ಕಡೆಯಿಂದ ಹೋಗಿ ಕರ್ನಲ್ ಸಾಹೇಬ್ರೆ," ಎಂದ ಪ್ರೊಕೋಪಿಯೊ. "ಡೇರೆ ಹಾಕೋಕೆ ಒಳ್ಳೆ ಜಾಗ. ನಿಮ್ಮೋರಿಗೆ ಹಳೇ ಪರಿಚಯ."

ಬ್ರಾಸೋಸ್‌ನವರು ಮರುದಿನ ಹೊರಟರು. ಬೆನಿಗ್ನಾಳ ಗೋಡೆಯ ಕೊನೆಯ ಎರಡು ವರಸೆ ಬಾಕಿಯಿತ್ತು. ಕರ್ನಲ್ ಅರ್ಧ ದಿನ ಕಾದು, ಅದನ್ನು ಮುಗಿಸಿಯೇ ಹೋದ.

ಲಿಬ್ರಾದೊನ ವಿಷಯವನ್ನು ಊರು ಹಳೆಯ ಪದ್ಧತಿಯಂತೆ ತೀರ್ಮಾನಿಸಿತು. ನ್ಯಾಯಾಧಿಕಾರಿಯ ಪದವಿ ಹೋಯಿತು. ಒಂದು ಮನೆಯ ದುಡಿಯುವ ಕೈ ಯಾರಿಂದ ಹೋಯಿತೋ ಅವನು ಆ ಮನೆಯ ಕೈಯಾಗಬೇಕು: ಕಾಲುವೆಯಲ್ಲಿ ಕಸಿಮೀರೊನ ಪಾಲಿನ ಹೂಳು ಎತ್ತಬೇಕು, ಆಮೇಲೆ ಗಿರಣಿ ಎಬ್ಬಿಸಿಕೊಡಬೇಕು. ಆ ವರ್ಷದ ಹೂಳೆತ್ತುವಿಕೆ ಆ ವಾರವೇ ಶುರುವಾಯಿತು. ಎಪಿಫಾನಿಯಾ ಕೋಲಿನಿಂದ ಅಳೆದು ಒಬ್ಬೊಬ್ಬರಿಗೆ ಅವರವರ ತುಂಡು ತೋರಿಸಿದಳು. ಕಸಿಮೀರೊನ ಪಾಲಿಗೆ ಮರದ ನೆರಳಿರುವ ತುಂಡು ಬರುವಂತೆ ನೋಡಿಕೊಂಡಳು.

ಮನೆಯೊಂದರ ಹೆಸರಿನಲ್ಲಿ ಸಲಿಕೆ ಹಿಡಿದವನಿಗೆ ಮಧ್ಯಾಹ್ನದ ಊಟ ಆ ಮನೆಯಿಂದಲೇ ಬರಬೇಕು. ಬೇರೆಯವರು ಕೊಡುವಂತಿಲ್ಲ, ಅವನ ಸ್ವಂತ ಮನೆಯಿಂದಲೂ ತರುವಂತಿಲ್ಲ. ಸೋಮವಾರ ಬೆನಿಗ್ನಾಳ ಮನೆಯಿಂದ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಉಳಿದವರು ಏರಿಯ ಮೇಲೆ ಸಾಲಾಗಿ ಕೂತು ತಿನ್ನುವ ಹೊತ್ತಿಗೆ ಲಿಬ್ರಾದೊ ಕಾಲುವೆಯಲ್ಲೇ ಇದ್ದ, ನೀರು ಕುಡಿದ, ಮತ್ತೆ ಅಗೆದ. ಅವನಿಗೂ ಅರವತ್ತು ದಾಟಿತ್ತು. ಎಪಿಫಾನಿಯಾಳ ಚೀಲದಲ್ಲಿ ರೊಟ್ಟಿಯಿತ್ತು. ಮೂರು ದಿನವೂ ಅದನ್ನು ಹಾಗೇ ಮನೆಗೆ ಒಯ್ದಳು.

ಗುರುವಾರ, ಎಲ್ಲರೂ ಕೂತ ಮೇಲೆ, ಏರಿಯ ಆ ತುದಿಯಿಂದ ಕರಿ ಶಾಲು ಬರುವುದು ಕಂಡಿತು. ಜನ ತಮ್ಮ ತಮ್ಮ ರೊಟ್ಟಿಯನ್ನೇ ನೋಡತೊಡಗಿದರು. ಬೆನಿಗ್ನಾ ಸಾಲನ್ನು ದಾಟಿ, ನೆರಳಿನ ತುಂಡಿನ ಹತ್ತಿರ ನಿಂತಳು. ಲಿಬ್ರಾದೊ ಸಲಿಕೆ ಇಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು ಮೇಲೆ ಬಂದ. ಅವಳು ಅವನ ಮುಖ ನೋಡಲಿಲ್ಲ. ಬಟ್ಟೆ ಮುಚ್ಚಿದ ಬಟ್ಟಲನ್ನು ಮುಂದೆ ಚಾಚಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಟ್ಟೆಯಂಚಿನಿಂದ ಬೇಯಿಸಿದ ಜೋಳದ ಕಾಳಿನ ಸಾರಿನ ಹಬೆ ಏಳುತ್ತಿತ್ತು. ಮೇಲೆ ಎರಡು ರೊಟ್ಟಿ, ಒಂದು ಚಮಚ.